ರಿಪೋರ್ಟ್ ನಾರ್ಮಲ್ ಬಂದರೆ ದೆವ್ವ ಅಂತಲ್ಲ

1973ರ ಕೊನೆಯಲ್ಲಿ ಬಂದ 'ದಿ ಎಕ್ಸಾರ್ಸಿಸ್ಟ್' ಸಿನಿಮಾ ನೋಡಿದವರು ಮಂಚ ಕುಣಿದದ್ದನ್ನು, ದೆವ್ವ ಹಿಡಿದ ಹುಡುಗಿಯ ತಲೆ ಪೂರ್ತಿ ಹಿಂದಕ್ಕೆ ತಿರುಗಿದ್ದನ್ನು ಮರೆಯುವುದಿಲ್ಲ. ನನ್ನ ಎದೆ ಹಿಂಡುವುದು ಮಾತ್ರ ಅದರ ಆಸ್ಪತ್ರೆಯ ದೃಶ್ಯ. ಹನ್ನೆರಡು ವರ್ಷದ ಹುಡುಗಿಯನ್ನು ಮೇಜಿನ ಮೇಲೆ ಅಲ್ಲಾಡದಂತೆ ಮಲಗಿಸಿ, ಕುತ್ತಿಗೆಗೆ ಸೂಜಿ ಚುಚ್ಚಿ, ಮಿದುಳಿನ ರಕ್ತನಾಳಗಳ ಎಕ್ಸ್‌ರೇ ತೆಗೆಯುತ್ತಾರೆ. ಸುಮ್ನೆ ಹೆದರಿಸೋಕೆ ಕಟ್ಟಿದ ದೃಶ್ಯವಲ್ಲ ಅದು. ಆಗ ನಿಜವಾಗಿಯೂ ಹೀಗೇ ಮಾಡುತ್ತಿದ್ದರು. ಆಮೇಲೆ ಡಾಕ್ಟರುಗಳು ಎಕ್ಸ್‌ರೇ ಮುಂದೆ ನಿಂತು ಹುಡುಕುತ್ತಾರೆ. ಏನೂ ಸಿಗುವುದಿಲ್ಲ. ಎಲ್ಲ ನಾರ್ಮಲ್. ಕಥೆ ಅಲ್ಲಿಂದ ಪಾದ್ರಿಗಳ ಕಡೆ ಹೊರಳುತ್ತದೆ.

ದೆವ್ವ ಬಿಡಿಸುವ ಸಿನಿಮಾಗಳು ಆಮೇಲೆ ಎಷ್ಟೋ ಬಂದವು. ಬಹಳಷ್ಟು ಇದೇ ದಾರಿ ಹಿಡಿದವು. ಮೊದಲು ಡಾಕ್ಟರ್, ರಿಪೋರ್ಟ್ ನಾರ್ಮಲ್, ಆದ್ದರಿಂದ ದೆವ್ವ. ಈ 'ಆದ್ದರಿಂದ' ಅನ್ನುವ ಪದದ ಮೇಲೇ ನನ್ನ ತಕರಾರು. ಸಿಗಲಿಲ್ಲ ಅನ್ನುವುದಕ್ಕೂ ಇಲ್ಲವೇ ಇಲ್ಲ ಅನ್ನುವುದಕ್ಕೂ ಅಜಗಜಾಂತರ. ಆ ಕಾಲದ ಎಕ್ಸ್‌ರೇಗೆ ಕಾಣುತ್ತಿದ್ದದ್ದು ಒಳಗಿನ ಆಕಾರ ಮಾತ್ರ: ಎಲ್ಲಾದರೂ ಗೆಡ್ಡೆ ಇದೆಯಾ, ರಕ್ತನಾಳ ಪಕ್ಕಕ್ಕೆ ಸರಿದಿದೆಯಾ, ಅಷ್ಟೆ. ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿಟಿ ಸ್ಕ್ಯಾನ್ ಮಾಡಿ ಆಗಿನ್ನೂ ಎರಡು ವರ್ಷವಾಗಿತ್ತು. ಮಿದುಳಿನ ಆಕಾರ ಸರಿಯಾಗಿದ್ದೂ ಒಳಗಿನ ರಾಸಾಯನಿಕ ಮಾತುಕತೆ ಪೂರ್ತಿ ಕೆಟ್ಟಿರಬಹುದು. ಗೋಡೆಯ ಫೋಟೊ ತೆಗೆದರೆ ಅದರೊಳಗಿನ ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಗೊತ್ತಾಗುತ್ತದಾ?

ಗಾಳಿಯಲ್ಲಿ ತೇಲುವುದು, ತಲೆ ಒಂದು ಸುತ್ತು ಬರುವುದು ಯಾವ ಕಾಯಿಲೆಯಲ್ಲೂ ಇಲ್ಲ. ನಮ್ಮ ಕುತ್ತಿಗೆ ಒಂದೊಂದು ಕಡೆಗೆ 80-90 ಡಿಗ್ರಿ ತಿರುಗಿದರೆ ಹೆಚ್ಚು. ಸಿನಿಮಾದಲ್ಲಿ ತಿರುಗಿದ್ದು ಬೊಂಬೆಯ ತಲೆ. ದೆವ್ವದ ಆ ಗಡಸು ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಎಂಬ ನಟಿಯದು. ಇವನ್ನೆಲ್ಲ ಕಳೆದು ಉಳಿದದ್ದನ್ನು ನೋಡಿ. ಅದಕ್ಕೆ ಹತ್ತಿರವಾದ ಕಾಯಿಲೆಯೊಂದು ನಿಜಕ್ಕೂ ಇದೆ.

2007ರಲ್ಲಿ ಜೋಸೆಪ್ ಡಾಲ್ಮೌ ಎಂಬ ನರರೋಗ ತಜ್ಞರೂ ಅವರ ಜೊತೆಗಾರರೂ ಅದರ ಮೂಲ ಹಿಡಿದರು. ಹೆಸರು ಉದ್ದ: ಆ್ಯಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಮಿದುಳಿನ ಒಂದು ಬಗೆಯ ಉರಿಯೂತ ಇದು. ಮರುವರ್ಷ 100 ರೋಗಿಗಳ ವಿವರ ಬರೆದರು. ಅವರಲ್ಲಿ 91 ಮಂದಿ ಹೆಣ್ಣುಮಕ್ಕಳು. ಸುಮಾರು ಅರ್ಧದಷ್ಟು ಜನರಿಗೆ 23 ದಾಟಿರಲಿಲ್ಲ. ಮೊದಲು ಜ್ವರ, ತಲೆನೋವು, ಶೀತದಂಥದ್ದು. ಕೆಲವೇ ದಿನಗಳಲ್ಲಿ ನಿದ್ದೆ ಹಾರಿಹೋಗುತ್ತದೆ. ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನಿಸುತ್ತದೆ, ಇಲ್ಲದ ದನಿಗಳು ಕೇಳುತ್ತವೆ. ಕೂಗಾಟ, ರಂಪ, ಹತ್ತಿರ ಬಂದವರ ಮೇಲೆ ಎರಗುವುದು. ಆಮೇಲೆ ಫಿಟ್ಸ್. ತುಟಿ, ನಾಲಿಗೆ, ದವಡೆ ತಮ್ಮಷ್ಟಕ್ಕೆ ತಾವೇ ಅಲ್ಲಾಡಿ ಮುಖ ವಿಕಾರವಾಗುತ್ತದೆ. ಕೆಲವರ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅಂದದ್ದನ್ನೇ ಅನ್ನುತ್ತ ಅನ್ನುತ್ತ ಕೊನೆಗೆ ಮಾತೇ ನಿಲ್ಲುತ್ತದೆ, ಕಣ್ಣು ತೆರೆದಿದ್ದರೂ ಕರೆದರೆ ಓಗೊಡುವುದಿಲ್ಲ. ಎದೆಬಡಿತ, ಬಿಪಿ, ಮೈಕಾವು ಲಂಗುಲಗಾಮಿಲ್ಲದೆ ಏರಿಳಿಯುತ್ತವೆ.

ನಿನ್ನೆಯವರೆಗೆ ನಗುತ್ತಿದ್ದ ಮಗಳನ್ನು ಈ ಸ್ಥಿತಿಯಲ್ಲಿ ನೋಡಿದ ತಾಯಿಗೆ "ಇವಳು ನನ್ನ ಮಗಳಲ್ಲ, ಇವಳೊಳಗೆ ಬೇರೆ ಯಾರೋ ಇದ್ದಾರೆ" ಅನ್ನಿಸಿದರೆ ಆಕೆಯನ್ನು ಮೂಢಳು ಅನ್ನಲು ನನಗೆ ಮನಸ್ಸು ಬಾರದು. ಆಕೆ ಕಂಡದ್ದು ಸುಳ್ಳಲ್ಲ. ಒಳಗೆ ಸೇರಿಕೊಂಡದ್ದು ಏನು ಅನ್ನುವುದಷ್ಟೇ ಬೇರೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಷ್ಟು ಚೆಂದದ ಕೆಲಸದ ರೀತಿ ನಮ್ಮ ದೇಹದಲ್ಲಿ ಕಡಿಮೆ. ನರಕೋಶಗಳ ಮೈಮೇಲೆ ಎನ್‌ಎಂಡಿಎ ರಿಸೆಪ್ಟರ್ ಅನ್ನುವ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದೊಂದಕ್ಕೂ ಎರಡು ಬೀಗದಕೈ ಬೇಕು, ಗ್ಲುಟಮೇಟ್ ಒಂದು, ಗ್ಲೈಸಿನ್ ಇನ್ನೊಂದು. ಎರಡೂ ಬಿದ್ದರೂ ಸಾಲದು. ದಾರಿಯ ನಡುವೆ ಮೆಗ್ನೀಸಿಯಂ ಬಿರಡೆಯ ಹಾಗೆ ಕೂತಿರುತ್ತದೆ. ನರಕೋಶ ಅದೇ ಹೊತ್ತಿಗೆ ಚುರುಕಾಗಿದ್ದರೆ ಮಾತ್ರ ಆ ಬಿರಡೆ ಹಾರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅಂದರೆ ಆಚೆಯ ಕೋಶ ಕರೆದ ಗಳಿಗೆಯಲ್ಲೇ ಈಚೆಯ ಕೋಶವೂ ಎಚ್ಚರವಾಗಿರಬೇಕು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಅಲ್ವಾ, ಹಾಗೆ. "ಇದು ಆದಾಗಲೇ ಅದೂ ಆಯಿತು" ಎಂದು ಮಿದುಳು ಎರಡು ಸಂಗತಿಗಳಿಗೆ ಗಂಟು ಹಾಕುವುದು ಹೆಚ್ಚಾಗಿ ಇಲ್ಲಿಯೇ. ಕಲಿಕೆ, ನೆನಪು, ಎದುರಿಗಿರುವುದು ನಿಜವೋ ಭ್ರಮೆಯೋ ಎಂಬ ತಿಳಿವು, ಎಲ್ಲಕ್ಕೂ ಈ ಬಾಗಿಲು ಬೇಕು.

ಕಾಯಿಲೆ ಬಂದಾಗ, ರೋಗಾಣುಗಳನ್ನು ಹಿಡಿಯಲು ದೇಹ ತಯಾರಿಸುವ ನಮ್ಮದೇ ಆ್ಯಂಟಿಬಾಡಿಗಳು ಈ ಬಾಗಿಲಿಗೆ ಬಂದು ಅಂಟಿಕೊಳ್ಳುತ್ತವೆ. ಆ್ಯಂಟಿಬಾಡಿಗೆ ಎರಡು ತೋಳು. ಒಂದು ತೋಳು ಒಂದು ರಿಸೆಪ್ಟರನ್ನು ಹಿಡಿದರೆ ಇನ್ನೊಂದು ಪಕ್ಕದ್ದನ್ನು ಹಿಡಿಯುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಕೈಕೋಳ ತೊಡಿಸಿದ ಹಾಗೆ. ಹೀಗೆ ಜೋಡಿಬಿದ್ದ ರಿಸೆಪ್ಟರುಗಳನ್ನು ನರಕೋಶ ಆಮೆ ತಲೆ ಎಳೆದುಕೊಂಡಂತೆ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಹೊರಗೆ ಬಾಗಿಲುಗಳು ದಿನೇ ದಿನೇ ಕಡಿಮೆಯಾಗುತ್ತವೆ. ಕಚೇರಿಯಲ್ಲಿ ಹಾಡುಗಾರರು, ಪಿಟೀಲಿನವರು, ಮೃದಂಗದವರು ಎಲ್ಲರೂ ಕೂತಿದ್ದಾರೆ, ಒಬ್ಬರ ತಾಳ ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ ಅಂದುಕೊಳ್ಳಿ. ವಾದ್ಯ ಯಾವುದೂ ಒಡೆದಿಲ್ಲ, ಸಂಗೀತ ಮಾತ್ರ ಇಲ್ಲ. ಅರಿವಳಿಕೆಗೆ ಬಳಸುವ ಕೆಟಮಿನ್ ಮುಚ್ಚುವುದೂ ಇದೇ ಬಾಗಿಲನ್ನು. ಅದನ್ನು ಪಡೆದ ಕೆಲವರು ತಾವು ತಮ್ಮ ಮೈಯಿಂದ ಹೊರಗೆ ನಿಂತಂತೆ ಅನ್ನಿಸಿತು ಎನ್ನುತ್ತಾರೆ.

ವಾದ್ಯ ಒಡೆದಿಲ್ಲ ಅಂದೆನಲ್ಲ, ಬದುಕು ಉಳಿಯುವುದೇ ಅದರಿಂದ. ಆ್ಯಂಟಿಬಾಡಿಗಳನ್ನು ತೆಗೆದರೆ ಬಾಗಿಲುಗಳು ಮತ್ತೆ ಹೊರಗೆ ಬರುತ್ತವೆ. ಸ್ಟೆರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ರಕ್ತದ ಪ್ಲಾಸ್ಮಾ ಬದಲಿಸುವುದು, ಹೀಗೆ ಚಿಕಿತ್ಸೆಗಳಿವೆ. ಆ 100 ಮಂದಿಯಲ್ಲಿ 75 ಜನ ಪೂರ್ತಿ ಅಥವಾ ಬಹುಪಾಲು ಚೇತರಿಸಿಕೊಂಡರು.

ಆ್ಯಂಟಿಬಾಡಿಗಳು ನಮ್ಮ ಮೇಲೇ ಯಾಕೆ ತಿರುಗಿಬೀಳುತ್ತವೆ? ಹಲವು ಯುವತಿಯರಲ್ಲಿ ಕಾರಣ ಸಿಕ್ಕಿದ್ದು ತಲೆಯಲ್ಲಲ್ಲ, ಅಂಡಾಶಯದಲ್ಲಿ. ಟೆರಟೋಮ ಎಂಬ ಗೆಡ್ಡೆಯೊಳಗೆ ಕೂದಲು, ಹಲ್ಲು, ಕೆಲವೊಮ್ಮೆ ಮಿದುಳಿನಂಥ ನರದ ಅಂಶವೂ ಬೆಳೆದಿರುತ್ತದೆ. ಇರಬಾರದ ಜಾಗದಲ್ಲಿ ನರ ಕಂಡ ರಕ್ಷಣಾ ಪಡೆ ಅದನ್ನು ಶತ್ರು ಎಂದು ಗುರುತಿಟ್ಟುಕೊಂಡು, ಆಮೇಲೆ ನಿಜವಾದ ಮಿದುಳನ್ನೂ ಹುಡುಕಿಕೊಂಡು ಹೋಗುತ್ತದೆ. ಎಲ್ಲರಲ್ಲೂ ಗೆಡ್ಡೆ ಇರುವುದಿಲ್ಲ. ಇದ್ದವರಿಗೆ ಅದನ್ನು ತೆಗೆದುಹಾಕುವುದೂ ಚಿಕಿತ್ಸೆಯ ಭಾಗ.

ಎಂಆರ್‌ಐ ಬಂದಮೇಲೂ ಈ ಕಾಯಿಲೆ ಎಷ್ಟೋ ಸಲ ಅದರ ಕಣ್ಣಿಗೆ ಬೀಳುವುದಿಲ್ಲ. 2009ರಲ್ಲಿ ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕಹಾಲನ್ ಅವರಿಗೆ 24 ವರ್ಷ. ಭ್ರಮೆ, ಫಿಟ್ಸ್ ಎಲ್ಲ ಇತ್ತು, ಸ್ಕ್ಯಾನ್ ಮಾತ್ರ ನಾರ್ಮಲ್. ಸುಹೇಲ್ ನಜ್ಜಾರ್ ಎಂಬ ಡಾಕ್ಟರು ಒಂದು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಕಹಾಲನ್ 1ರಿಂದ 12ರವರೆಗಿನ ಅಂಕಿಗಳನ್ನೆಲ್ಲ ಬಲಗಡೆಯ ಅರ್ಧದಲ್ಲೇ ತುರುಕಿದ್ದರು. ಎಡಗಡೆಯ ಜಗತ್ತನ್ನು ನೋಡಿಕೊಳ್ಳುವುದು ಮಿದುಳಿನ ಬಲಭಾಗ. ಅಲ್ಲಿ ಉರಿಯೂತ ಇದೆ ಅಂತ ಡಾಕ್ಟರಿಗೆ ಹೊಳೆಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಕಾಣದ್ದು ಪೆನ್ನು, ಕಾಗದಕ್ಕೆ ಕಂಡಿತು! ಕಹಾಲನ್ ಗುಣವಾಗಿ, ತಮ್ಮ ಕಥೆಯನ್ನು ತಾವೇ ಬರೆದರು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಜರ್ಮನಿಯ ಆನೆಲೀಸೆ ಮಿಶೆಲ್‌ಗೆ ಹದಿಹರೆಯದಲ್ಲಿ ಫಿಟ್ಸ್ ಶುರುವಾಯಿತು. ಡಾಕ್ಟರುಗಳು ಅಪಸ್ಮಾರ ಎಂದರು, ಮಾತ್ರೆ ಕೊಟ್ಟರು. ವರ್ಷಗಳಾದರೂ ಪೂರ್ತಿ ಗುಣವಾಗಲಿಲ್ಲ, ದೆವ್ವದ ಮುಖಗಳು ಕಾಣತೊಡಗಿದವು. ಬಿಷಪ್ಪರ ಒಪ್ಪಿಗೆ ಪಡೆದು ಇಬ್ಬರು ಪಾದ್ರಿಗಳು 1975ರ ಸೆಪ್ಟೆಂಬರಿನಿಂದ 67 ಸಲ ದೆವ್ವ ಬಿಡಿಸುವ ವಿಧಿ ನಡೆಸಿದರು. ಅವಳು ಊಟ ಬಿಟ್ಟಳು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ ತೀರಿಕೊಂಡಾಗ ತೂಕ ಸುಮಾರು 31 ಕೆಜಿ. ಸಾಯುವುದಕ್ಕೆ ಒಂದು ವಾರ ಮೊದಲು ಡಾಕ್ಟರನ್ನು ಕರೆದಿದ್ದರೂ ಉಳಿಸಬಹುದಿತ್ತು ಎಂದು ಸರ್ಕಾರಿ ವಕೀಲರು ವಾದಿಸಿದರು. 1978ರಲ್ಲಿ ತಂದೆತಾಯಿ, ಪಾದ್ರಿಗಳು ನಾಲ್ವರೂ ತಪ್ಪಿತಸ್ಥರೆಂದು ತೀರ್ಪಾಯಿತು. ಇದನ್ನು ಆಧರಿಸಿಯೂ ಸಿನಿಮಾಗಳು ಬಂದಿವೆ. ನನಗೆ ಅವನ್ನು ಬರೀ ಹಾರರ್ ಎಂದು ನೋಡಲು ಆಗುವುದಿಲ್ಲ.

ಹಾಗಂತ ಧರ್ಮದವರೆಲ್ಲ ಕಣ್ಣುಮುಚ್ಚಿ ನಂಬಿದವರು ಅಂದುಕೊಳ್ಳಬೇಡಿ. 1599ರ ಸುಮಾರಿಗೆ ಫ್ರಾನ್ಸಿನಲ್ಲಿ ಮಾರ್ಥ್ ಬ್ರೊಸಿಯೆ ಎಂಬ ಯುವತಿ ಊರೂರು ಸುತ್ತಿ ಮೈಮೇಲಿನ ದೆವ್ವವನ್ನು ಜನರಿಗೆ ತೋರಿಸುತ್ತಿದ್ದಳು. ಆಂಜೆ ಪಟ್ಟಣದ ಬಿಷಪ್ ಒಂದು ಉಪಾಯ ಮಾಡಿದರು. ಮಾಮೂಲಿ ನೀರನ್ನು ಪವಿತ್ರ ಜಲ ಎಂಬಂತೆ ಕೊಟ್ಟರು. ಪ್ರಾಚೀನ ರೋಮಿನ ಕವಿ ವರ್ಜಿಲನ ಕಾವ್ಯದ ಒಂದು ಲ್ಯಾಟಿನ್ ಸಾಲನ್ನು ದೆವ್ವ ಬಿಡಿಸುವ ಮಂತ್ರವೆಂಬಂತೆ ಓದಿದರು. ಅವಳು ನೆಲಕ್ಕೆ ಬಿದ್ದು ಹೊರಳಾಡಿದಳು. ಇವತ್ತು ಔಷಧಿ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ನೋಡುವುದರ ಹಿಂದಿರುವುದೂ ಇದೇ ಬುದ್ಧಿ. 'ದಿ ಎಕ್ಸಾರ್ಸಿಸ್ಟ್'ನಲ್ಲೂ ಪಾದ್ರಿ ನಲ್ಲಿ ನೀರನ್ನು ಪವಿತ್ರ ಜಲ ಎಂದು ಚಿಮುಕಿಸುತ್ತಾನೆ, ಹುಡುಗಿ ಉರಿ ಉರಿ ಎಂದು ಚೀರುತ್ತಾಳೆ. ಸಿನಿಮಾ ಆ ಸುಳಿವನ್ನು ಅಲ್ಲೇ ಬಿಟ್ಟು ಮುಂದೆ ಹೋಗಿಬಿಡುತ್ತದೆ. ಪ್ಯಾರಿಸಿನ ಡಾಕ್ಟರುಗಳು ಬಿಡಲಿಲ್ಲ. ಮಾರ್ಥಳನ್ನು ಪರೀಕ್ಷಿಸಿ, ಇದರಲ್ಲಿ ದೆವ್ವದ್ದು ಏನೂ ಇಲ್ಲ, ನಟನೆ ಬಹಳ, ರೋಗ ಸ್ವಲ್ಪ ಎಂದು ಬರೆದರು.

ಇನ್ನೊಂದು ಪ್ರಕರಣ ಹೇಳಲೇಬೇಕು. ಬರ್ಲಿನ್ ಮೃಗಾಲಯದಲ್ಲಿ ಕ್ನೂಟ್ ಎಂಬ ಹಿಮಕರಡಿ ಇತ್ತು. 2011ರ ಮಾರ್ಚ್‌ನಲ್ಲಿ ನೂರಾರು ಜನರ ಕಣ್ಣೆದುರು ಅದು ಇದ್ದಕ್ಕಿದ್ದಂತೆ ಗಿರಗಿರ ಸುತ್ತಿ, ಮೈ ಸೆಟೆದು, ನೀರಿಗೆ ಬಿದ್ದು ಮುಳುಗಿ ಸತ್ತಿತು. ವಯಸ್ಸು ನಾಲ್ಕೇ. ಮಿದುಳಿನಲ್ಲಿ ಉರಿಯೂತ ಕಂಡಿತು. ವಿಜ್ಞಾನಿಗಳು ವೈರಸ್, ಬ್ಯಾಕ್ಟೀರಿಯಾ ಎಲ್ಲ ಜಾಲಾಡಿದರೂ ಕಾರಣ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದು ಮಾದರಿಗಳನ್ನು ಜೋಪಾನ ಮಾಡಿದರು. ಆ ವರದಿ ಓದಿದ ನರರೋಗ ತಜ್ಞ ಹರಾಲ್ಡ್ ಪ್ರ್ಯೂಸ್ ಅವರಿಗೆ ತಮ್ಮ ರೋಗಿಗಳ ನೆನಪಾಯಿತು. ಎತ್ತಿಟ್ಟಿದ್ದ ಕ್ನೂಟ್‌ನ ಬೆನ್ನುಹುರಿಯ ದ್ರವವನ್ನು ತರಿಸಿ ನೋಡಿದರು. ಅದರಲ್ಲಿ ತುಂಬಿದ್ದದ್ದು ಅದೇ ಎನ್‌ಎಂಡಿಎ ಬಾಗಿಲಿಗೆ ಅಂಟುವ ಆ್ಯಂಟಿಬಾಡಿಗಳು. ಕರಡಿ ಸತ್ತು ನಾಲ್ಕು ವರ್ಷದ ಮೇಲೆ, 2015ರಲ್ಲಿ, ಅದರ ಕಡತದಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಕಾರಣದ ಹೆಸರು ಬಂತು.