ಗ್ಲಾಸಿನ ಕರಿ ಅಂಚು ಸೀರೆ ಬಾರ್ಡರ್ ಅಲ್ಲ ಸ್ವಾಮಿ

ಹೋದ ಮಳೆಗಾಲದಲ್ಲಿ ಒಬ್ರು ಅವರ ತಂದೆ ಕಾಲದ ಪ್ರೀಮಿಯರ್ ಪದ್ಮಿನಿ ತಂದು ನಿಲ್ಲಿಸಿ, "ಅಣ್ಣ, ಡ್ಯಾಶ್‌ಬೋರ್ಡ್ ಮೇಲೆ ನೀರು ಸೋರ್ತಿದೆ, ಒಂದಿಷ್ಟು ಸಿಲಿಕಾನ್ ಹಾಕ್ಬಿಡಿ" ಅಂದ್ರು. ಒಳಗಡೆ ಕೂತು ಮೂಲೆಲಿ ಅಂಗೈ ಇಟ್ಟು ಒತ್ತಿದೆ ಅಷ್ಟೇ, ಮುಂದಿನ ಗ್ಲಾಸು ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದೇ ಬಂತು! ಗಮ್ ಮಾತ್ರ ಕಾರಿನ ಫ್ರೇಮಿಗೆ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ತೆಳ್ಳಗೆ ಒಂದು ಕರಿ ಪೊರೆ, ಗ್ಲಾಸಿನ ಅಂಚೋ ತೊಳೆದಿಟ್ಟ ಹಾಗೆ ಕ್ಲೀನು.

ಏನಾಗಿತ್ತು ಅಂದ್ರೆ, ಪದ್ಮಿನಿಗೆ ಮೊದಲಿಂದ ರಬ್ಬರ್ ಬೀಡಿಂಗು, ಅಂದ್ರೆ ಗ್ಲಾಸನ್ನ ಸುತ್ತ ಹಿಡ್ಕೊಳ್ಳೋ ರಬ್ಬರ್ ಪಟ್ಟಿ. ಹೊಸ ಕಾರಿನ ಲುಕ್ ಬರ್ಲಿ ಅಂತ ಯಾರೋ ಅದನ್ನ ಕಿತ್ತು ಪಿಯು (ಪಾಲಿಯುರೆಥೇನ್) ಗಮ್ಮಲ್ಲಿ ಗ್ಲಾಸ್ ಅಂಟಿಸಿದಾರೆ, ಗಮ್ ಹೊರಗಡೆ ಕಾಣ್ಬಾರ್ದು ಅಂತ ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಗೋ ಸ್ಪ್ರೇ ಡಬ್ಬಿ ತಗೊಂಡು ಅಂಚಿಗೆ ಕರಿ ಪೇಂಟ್ ಹೊಡ್ದಿದಾರೆ. ಗಮ್ಮು ಪೇಂಟನ್ನ ಹಿಡ್ಕೊಂಡಿದೆ, ಪೇಂಟು ಗ್ಲಾಸನ್ನ ಹಿಡ್ಕೊಂಡಿಲ್ಲ.

ಹೊಸ ಕಾರುಗಳ ಮುಂದಿನ ಗ್ಲಾಸಿನ ಸುತ್ತ ಇರೋ ಈ ಕರಿ ಅಂಚನ್ನ ತುಂಬ ಜನ ಶೋಕಿಗೆ ಅನ್ಕೊಂಡಿದಾರೆ, ಆದ್ರೆ ಅದು ಗಮ್ಮಿಗೆ ಹಿಡಿದ ಕೊಡೆ. ಪಿಯು ಗಮ್ಮಿಗೆ ಬಿಸಿಲಿನ ಯುವಿ ಆಗ್ಬರಲ್ಲ, ಗ್ಲಾಸ್ ಮೂಲಕ ನೇರ ಬಿಸಿಲು ಬಿದ್ರೆ ಅಂಟಿರೋ ಮುಖದಲ್ಲೇ ಸುಣ್ಣದ ಪುಡಿ ತರ ಆಗ್ತಾ ಹೋಗತ್ತೆ. ಫ್ಯಾಕ್ಟರಿಲಿ ಬರೋದು ಪೇಂಟೇ ಅಲ್ಲ, ಅದಕ್ಕೆ ಫ್ರಿಟ್ ಅಂತಾರೆ, ಗಾಜಿನ ಪುಡಿ ಬಣ್ಣ ಸೇರಿಸಿ ಸ್ಕ್ರೀನ್ ಪ್ರಿಂಟ್ ಮಾಡಿ, ಗ್ಲಾಸನ್ನ ಬಗ್ಗಿಸೋವಾಗ 600 ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಸುಟ್ಟು ಗಾಜಿಗೇ ಸೇರಿಸಿಬಿಟ್ಟಿರ್ತಾರೆ. ಬ್ಲೇಡಲ್ಲಿ ಕೆರೆದ್ರೂ ಹೋಗಲ್ಲ. ಅಂಚಲ್ಲಿ ಚುಕ್ಕಿ ಚುಕ್ಕಿ ಇರತ್ತಲ್ಲ, ಕರಿ ಭಾಗ ಭಟ್ಟಿಲಿ ಬೇಗ ಕಾಯತ್ತೆ, ಪಕ್ಕದ ಬರೀ ಗಾಜು ನಿಧಾನ, ಆ ವ್ಯತ್ಯಾಸಕ್ಕೆ ಗಾಜು ಸೊಟ್ಟ ಆಗ್ದಿರ್ಲಿ ಅಂತ ಚುಕ್ಕಿ.

"ಹಾಗಾದ್ರೆ ನನ್ನ ಗ್ಲಾಸಿಗೂ ಸುಟ್ಟು ಹಾಕ್ಕೊಡಿ" ಅಂತಾರೆ. ಆಗಲ್ಲ. ವಿಂಡ್‌ಶೀಲ್ಡ್ ಅಂದ್ರೆ ಎರಡು ಗಾಜಿನ ಮಧ್ಯ ಪಿವಿಬಿ ಪ್ಲಾಸ್ಟಿಕ್ ಪದರ, ಆ ಬಿಸಿಗೆ ಅದು ಹಾಳಾಗೋಗತ್ತೆ. ಹೊಸದಾಗಿ ಗ್ಲಾಸ್ ಮಾಡಿಸ್ತಿದ್ರೆ ಆರ್ಡರ್ ಕೊಡೋವಾಗ್ಲೇ ಫ್ರಿಟ್ ಕೇಳಿ, ಆಮೇಲೆ ಕೇಳಿದ್ರೆ ಉಪಯೋಗ ಇಲ್ಲ.

ಅದಾಗದೇ ಇದ್ರೆ ಗ್ಲಾಸಿಗೆ ಅಂತಲೇ ಬರೋ ಕರಿ ಪ್ರೈಮರು, ಗಮ್ ಹಾಕೋ ಮುಂಚೆ ಅಂಚಿಗೆ ಬಳಿಯೋದು. ಮೊದಲು ಗ್ಲಾಸನ್ನ ಗಮ್ ಇಲ್ದೆ ಫ್ರೇಮ್ ಮೇಲೆ ಕೂರಿಸಿ ಒಳಗಡೆಯಿಂದ ಮಾರ್ಕ್ ಮಾಡ್ಕೋತೀನಿ, ಗಮ್ ಒತ್ತಿದ ಮೇಲೆ ಅಗಲ ಆಗತ್ತೆ, ಬಾರ್ಡರ್ ಅದಕ್ಕಿಂತ ಸ್ವಲ್ಪ ಜಾಸ್ತಿನೇ ಇರ್ಬೇಕು. ಮಾಸ್ಕಿಂಗ್ ಟೇಪು ಹಾಕಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಆಮೇಲೆ ಬೆರಳು ಮುಟ್ಟಿಸಂಗಿಲ್ಲ. ನಮ್ಮ ಹುಡುಗರು ಒರೆಸಿಯಾದ ಮೇಲೆ ಹೆಬ್ಬೆಟ್ಟಿಟ್ಟು "ಒಣಗ್ತಾ ಅಣ್ಣ" ಅಂತ ನೋಡ್ತಾರೆ, ಬೆರಳ ಜಿಡ್ಡಿದ್ದ ಆ ಒಂದೇ ಜಾಗದಲ್ಲಿ ಆಮೇಲೆ ನೀರು ಸೋರತ್ತೆ. ಪ್ರೈಮರ್ ಡಬ್ಬಿ ಒಳಗಿನ ಗುಂಡು ಕಟಕಟ ಅನ್ನೋ ತನಕ ಅಲ್ಲಾಡಿಸಿ, ಒಂದೇ ದಿಕ್ಕಲ್ಲಿ ಒಂದೇ ಎಳೆತ, ಒಳಮುಖಕ್ಕೆ ಮಾತ್ರ. ವಾಪಸ್ ಉಜ್ಜಿದ್ರೆ ಗೆರೆ ಬೀಳತ್ತೆ. ಸಾಮಾನ್ಯವಾಗಿ 10-15 ನಿಮಿಷ ಒಣಗಕ್ಕೆ, ಆದ್ರೆ ಡಬ್ಬಿ ಮೇಲೆ ಬರೆದಿರೋದೇ ಫೈನಲ್. ತೆಗ್ದಿಟ್ಟ ಡಬ್ಬಿ ಗಾಳಿಯ ತೇವ ಹೀರಿ ಕೆಡತ್ತೆ, ಹೋದ ವಾರದ್ದು ಉಳಿದಿದೆ ಅಂತ ಜಿಪುಣತನ ಬೇಡ.

ಎಷ್ಟೇ ನೀಟಾಗಿ ಹಾಕಿದ್ರೂ ಪ್ರೈಮರ್ ಫ್ರಿಟ್‌ಗೆ ಸಮ ಅಲ್ಲ, ಬಿಸಿಲಿಗೆ ಹಿಡಿದು ನೋಡಿದ್ರೆ ತೆಳುವಿರೋ ಕಡೆ ಬೆಳಕು ಗೊತ್ತಾಗತ್ತೆ, ಅದಕ್ಕೇ ಹೊರಗಡೆಯಿಂದ ಮೋಲ್ಡಿಂಗ್ ಪಟ್ಟಿ ಹಾಕಿ ಅಂಚು ಮುಚ್ಚಿಸ್ತೀನಿ. ಏರ್‌ಬ್ಯಾಗ್ ಇರೋ ಕಾರಾದ್ರೆ ಈ ಜುಗಾಡ್ ನಾನು ಮುಟ್ಟಲ್ಲ, ಎಷ್ಟೋ ಕಾರಲ್ಲಿ ಎಡಗಡೆ ಬ್ಯಾಗು ಉಬ್ಬಿ ಒರಗೋದೇ ವಿಂಡ್‌ಶೀಲ್ಡ್ ಮೇಲೆ, ಫ್ರಿಟ್ ಇರೋ ಸರಿಯಾದ ಗ್ಲಾಸೇ ತರ್ಸಿ ಅಂತೀನಿ.

ಪದ್ಮಿನಿಯವರಿಗೆ ವಾಪಸ್ ರಬ್ಬರ್ ಬೀಡಿಂಗೇ ಹಾಕ್ಸಿ ಸಾರ್ ಅಂದೆ, ಒಪ್ಪಲಿಲ್ಲ, ಲುಕ್ ಬೇಕಂತೆ. ಸರಿ, ಹಳೇ ಪೊರೆ ಎಲ್ಲ ಕೆರೆದು ಪ್ರೈಮರ್ ಹಾಕಿ ಕೂರಿಸ್ದೆ. ಸಂಜೆ ಮಳೆ ಶುರುವಾದಾಗ ಅವರು ಗಾಬರಿ, ಪಿಯು ಗಟ್ಟಿಯಾಗೋದೇ ಗಾಳಿಯ ತೇವಕ್ಕೆ ಅಂದ್ರೆ ನಂಬ್ತಾನೇ ಇಲ್ಲ. ಗ್ಲಾಸ್ ಜಾರದ ಹಾಗೆ ಹಾಕಿರೋ ಟೇಪು ನಾಳೆ ತನಕ ತೆಗೀಬೇಡಿ, ಡೋರ್ ಜೋರಾಗಿ ಹಾಕ್ಬೇಡಿ, ಸೈಡ್ ಗ್ಲಾಸ್ ಒಂದಿಂಚು ಇಳಿಸಿರ್ಲಿ, ಒಳಗಿನ ಗಾಳಿ ಒತ್ತಿ ಹಸಿ ಗಮ್ಮು ಬಿಟ್ಕೋಬಾರ್ದು ಅಂದೆ. ಹೂಂ ಹೂಂ ಅಂತ ತಲೆ ಆಡಿಸಿ ಹತ್ತಿ ಕೂತು ಡೋರ್ ಎಳೆದ್ರು ನೋಡಿ, ಧಡಾರ್ ಅಂತ.