ಕೆಲಸದಿಂದ ಟಿಪ್ಪಣಿಗೊಂದು ಕೊಂಡಿ

ಟಿಪ್ಪಣಿಯ ಆಯುಷ್ಯ ಬೇರೆ, ಕೆಲಸದ ಆಯುಷ್ಯ ಬೇರೆ. ಅಡಿಕೆ ತೋಟವಿರುವವರೊಬ್ಬರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ತಮ್ಮ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡಿದ್ದಾರೆ ಎನ್ನೋಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಆಮೇಲೆ ಬೆರೆಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಈ ಬರಹ ಹತ್ತು ವರ್ಷ ಕಳೆದರೂ ಹೆಚ್ಚು ಬದಲಾಗುವುದಿಲ್ಲ. ‘ಮಳೆ ಹಿಡಿಯುವ ಮೊದಲು ಔಷಧಿ ಹೊಡೆಸಬೇಕು, ಮರ ಹತ್ತಿ ಹೊಡೆಯುವ ಕೊನೆಗಾರರಿಗೆ ಹೇಳಿಕಳಿಸಬೇಕು’ ಎಂಬ ಸಾಲಾದರೋ ಮೇ ತಿಂಗಳಲ್ಲಿ ಹುಟ್ಟಿ, ಕೆಲಸ ಮುಗಿದ ದಿನವೇ ತನ್ನ ಅವಧಿಯನ್ನೂ ಮುಗಿಸುತ್ತದೆ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿದರೆ ಟಿಪ್ಪಣಿಯು ಹಳೆಯ ಕೆಲಸಗಳ ಕಸದಲ್ಲಿ ಹೂತುಹೋಗುತ್ತದೆ. ಸಂಬಂಧವೇ ಇಲ್ಲದಂತೆ ಬೇರ್ಪಡಿಸಿದರೆ, ಕೆಲಸದ ದಿನ ಅಳತೆ ಎಲ್ಲಿ ಬರೆದಿತ್ತೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಬೇರೆಯಾಗಿಯೇ ಇಟ್ಟು, ನಡುವೆ ಒಂದು ಕೊಂಡಿ ಹಾಕುವುದು ಇದಕ್ಕಿರುವ ಉಪಾಯ. ಆದರೆ ಆ ಕೊಂಡಿ ಯಾವ ದಿಕ್ಕಿಗಿರಬೇಕು, ಯಾವುದನ್ನು ಹಿಡಿದುಕೊಂಡಿರಬೇಕು ಎನ್ನುವುದರಲ್ಲಿ ಇಡೀ ವ್ಯವಸ್ಥೆಯ ಬಾಳಿಕೆ ಅಡಗಿದೆ.

ಸರಳ ಪಠ್ಯ, ಅಂದರೆ ಅಕ್ಷರಗಳ ಹೊರತು ಬಣ್ಣ, ಗಾತ್ರ, ಪುಟವಿನ್ಯಾಸ ಯಾವುದೂ ಇಲ್ಲದ ಕಡತ. ಅದನ್ನು ಯಾವ ಕಂಪ್ಯೂಟರೂ, ಯಾವ ಮೊಬೈಲೂ ತೆರೆಯಬಲ್ಲದು. ತಯಾರಿಸಿದ ಕಂಪನಿ ಮುಚ್ಚಿದರೂ ಬರಹ ಉಳಿಯುತ್ತದೆ. ಅದರ ತೊಡಕೆಂದರೆ, ಅಲ್ಲಿ ಕೊಂಡಿಯೂ ಬರಿಯ ಅಕ್ಷರಗಳ ಸಾಲೇ. ದತ್ತಸಂಚಯ (ಡೇಟಾಬೇಸ್) ಇರುವ ತಂತ್ರಾಂಶಗಳಲ್ಲಿ ಕೊಂಡಿಯ ಎರಡು ತುದಿಗಳನ್ನೂ ಯಂತ್ರ ಕಾಯಬಲ್ಲದು. ಇಲ್ಲಿ ಕಾಯುವವರು ಯಾರೂ ಇಲ್ಲ. ಟಿಪ್ಪಣಿಯ ಕಡತ ‘ತೋಟ’ ಎಂಬ ಫೋಲ್ಡರಿನಲ್ಲಿದೆ ಎಂದು ಕೊಂಡಿಯಲ್ಲಿ ಬರೆದು, ಮುಂದೊಂದು ದಿನ ಫೋಲ್ಡರಿನ ಹೆಸರನ್ನು ‘ಕೃಷಿ’ ಎಂದು ಬದಲಾಯಿಸಿದರೆ ಅದಕ್ಕೆ ತೋರುವ ಅಷ್ಟೂ ಕೊಂಡಿಗಳು ಸದ್ದಿಲ್ಲದೆ ಕಡಿದುಹೋಗುತ್ತವೆ. ಹೆಸರನ್ನೋ ವಿಳಾಸವನ್ನೋ ಹಿಡಿದ ಕೊಂಡಿಯ ದೌರ್ಬಲ್ಯವಿದು: ನಾವು ಚೆನ್ನಾಗಿ ಜೋಡಿಸಿಡಲು ಹೊರಟಷ್ಟೂ ಅದು ಮುರಿಯುತ್ತದೆ.

ಈ ಸಮಸ್ಯೆಗೆ ಕಂಪ್ಯೂಟರ್ ಇಲ್ಲದೆಯೇ ಪರಿಹಾರ ಕಂಡುಕೊಂಡಿದ್ದವರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್. 1950ರ ದಶಕದ ಆರಂಭದಿಂದ ಹಲವು ದಶಕಗಳ ಕಾಲ ಅವರು ಮರದ ಖಾನೆಗಳಲ್ಲಿ ಸುಮಾರು 90,000 ಚೀಟಿಗಳನ್ನು ಕೂಡಿಟ್ಟರು. ಪ್ರತಿ ಚೀಟಿಗೂ ಒಂದು ಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆ ಬದಲಾಗುವಂತಿಲ್ಲ. ನಡುವೆ ಹೊಸ ವಿಚಾರ ಬಂದರೆ 21ರ ಬಳಿಕ 21/1, ಅದರಿಂದ ಕವಲೊಡೆದರೆ 21/1ಎ ಎಂಬಂತೆ ಬೆಳೆಸಿಕೊಂಡು ಹೋಗುತ್ತಿದ್ದರು. ಒಂದು ಚೀಟಿ ಇನ್ನೊಂದನ್ನು ನೆನೆಯಬೇಕಾದಲ್ಲಿ ಆ ಸಂಖ್ಯೆಯನ್ನಷ್ಟೇ ಬರೆದರೆ ಸಾಕಿತ್ತು. ಅವರ ಬರವಣಿಗೆಯ ಅಗಾಧ ಪ್ರಮಾಣಕ್ಕೆ ಈ ಚೀಟಿಗಳೇ ಕಾರಣವೆಂದು ಈಚೆಗೆ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ, ಏಕೆಂದರೆ ಚೀಟಿ ತಾನಾಗಿ ಏನನ್ನೂ ಬರೆಯುವುದಿಲ್ಲ. ಆದರೆ ವಿಷಯದ ಹೆಸರಿನಿಂದ ಗುರುತನ್ನು ಬಿಡಿಸಿ ಬೇರೆಯಾಗಿಸಿದ ಅವರ ಉಪಾಯ ಮಾತ್ರ ಇಂದಿಗೂ ಹಳತಾಗಿಲ್ಲ.

ಸರಳ ಪಠ್ಯದಲ್ಲಿ ಇದೇ ಕೆಲಸವನ್ನು ಮಾಡುವ ಪ್ರಸಿದ್ಧ ಸಾಧನ ಆರ್ಗ್ ಮೋಡ್. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ತಮ್ಮ ಟಿಪ್ಪಣಿಗಳನ್ನೂ ಯೋಜನೆಗಳನ್ನೂ ನಿಭಾಯಿಸಲು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ 2003ರಲ್ಲಿ ಇದನ್ನು ಕಟ್ಟಲು ತೊಡಗಿದರು. ಅದರಲ್ಲಿ ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಾಲು ಶೀರ್ಷಿಕೆ. ಆ ಚಿಹ್ನೆಯ ಮುಂದೆ ‘ಟುಡು’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದೇ ಶೀರ್ಷಿಕೆ ಕೆಲಸವಾಗುತ್ತದೆ. ಯಾವ ಶೀರ್ಷಿಕೆಗೆ ಬೇಕಾದರೂ 36 ಅಕ್ಷರಗಳ ಒಂದು ಗುರುತನ್ನು ಯಂತ್ರದಿಂದಲೇ ಹುಟ್ಟಿಸಿ ಅಂಟಿಸಬಹುದು. ಯಾದೃಚ್ಛಿಕವಾಗಿ ಆರಿಸಿದ ಇಂಥ ಗುರುತಿನಲ್ಲಿ 122 ಬಿಟ್‌ಗಳಷ್ಟು ಸಾಧ್ಯತೆಗಳಿರುವುದರಿಂದ, ಒಬ್ಬರ ಜೀವಮಾನದ ಟಿಪ್ಪಣಿಗಳಲ್ಲಿ ಎರಡಕ್ಕೆ ಒಂದೇ ಗುರುತು ಬರುತ್ತದೆಂದು ಚಿಂತಿಸಬೇಕಾಗಿಲ್ಲ. ಆಮೇಲೆ ಶೀರ್ಷಿಕೆ ತಿದ್ದಿದರೂ, ಆ ಭಾಗವನ್ನೇ ಕಿತ್ತು ಇನ್ನೊಂದು ಕಡತಕ್ಕೆ ಹಾಕಿದರೂ ಗುರುತು ಅದರ ಜೊತೆಗೇ ಹೋಗುತ್ತದೆ, ಕೊಂಡಿ ಉಳಿಯುತ್ತದೆ. ಇಷ್ಟು ಉದ್ದದ ಗುರುತು ಕಣ್ಣಿಗೆ ಹಿತವಲ್ಲ ಎನ್ನುವವರು ಬರೆದ ಗಳಿಗೆಯನ್ನೇ ಗುರುತಾಗಿಸಿಕೊಳ್ಳುತ್ತಾರೆ: 2024ರ ಜೂನ್ 14ರ ಬೆಳಿಗ್ಗೆ 9 ಗಂಟೆ 30 ನಿಮಿಷ 15 ಸೆಕೆಂಡಿಗೆ ಹುಟ್ಟಿದ ಟಿಪ್ಪಣಿ 20240614093015. ಒಬ್ಬನೇ ಮನುಷ್ಯ ಒಂದೇ ಸೆಕೆಂಡಿನಲ್ಲಿ ಎರಡು ಟಿಪ್ಪಣಿ ಬರೆಯಲಾರನಾದ್ದರಿಂದ ಇದೂ ಸಾಕು. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಯಾವ ತಂತ್ರಾಂಶದ ನೆರವೂ ಇಲ್ಲದೆ ಕೈಯಿಂದಲೇ ಬರೆಯಬಹುದು.

ಇನ್ನು ದಿಕ್ಕಿನ ಮಾತು. ಕೊಂಡಿಯನ್ನು ಕೆಲಸದ ಸಾಲಿನಲ್ಲಿ ಬರೆಯಬೇಕು. ಅದು ಟಿಪ್ಪಣಿಯತ್ತ ತೋರಬೇಕು. ಬೇಗ ಮುಗಿಯುವ ವಸ್ತು ಬಹುಕಾಲ ಉಳಿಯುವ ವಸ್ತುವನ್ನು ನೆಚ್ಚಿಕೊಳ್ಳಬಹುದು. ಟಿಪ್ಪಣಿಯೇ ಕೆಲಸಗಳತ್ತ ತೋರತೊಡಗಿದರೆ ಪ್ರತಿವರ್ಷವೂ ಅದನ್ನು ತಿದ್ದುತ್ತಿರಬೇಕು. ಹಾಗಾದರೆ ಟಿಪ್ಪಣಿಯನ್ನು ಓದುತ್ತಿರುವಾಗ, ಇದರ ಮೇಲೆ ಯಾವ ಕೆಲಸಗಳು ಬಾಕಿ ಇವೆ ಎಂದು ತಿಳಿಯುವುದು ಹೇಗೆ? ಟಿಪ್ಪಣಿಯ ಗುರುತನ್ನೇ ಎಲ್ಲ ಕಡತಗಳಲ್ಲೂ ಹುಡುಕಿದರಾಯಿತು. ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ, ಕಡತಗಳಲ್ಲಿ ಪದ ಹುಡುಕುವ ‘ಗ್ರೆಪ್’ ತಂತ್ರಾಂಶ 1970ರ ದಶಕದಿಂದ ಮಾಡುತ್ತ ಬಂದಿರುವುದು ಇದನ್ನೇ. ಜಾಗತಿಕ ಜಾಲದಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಕೊಂಡಿ ಒಂದೇ ದಿಕ್ಕಿನದು, ಯಾರು ಯಾರೋ ಇಟ್ಟ ಕೋಟ್ಯಂತರ ಪುಟಗಳನ್ನೆಲ್ಲ ಮೊದಲೇ ಓದಿಟ್ಟುಕೊಂಡ ಶೋಧಯಂತ್ರಕ್ಕೆ ಮಾತ್ರ ಹಿಂದಿನ ದಿಕ್ಕು ಕಾಣುತ್ತದೆ. ನಮ್ಮ ಸ್ವಂತ ಸಂಗ್ರಹವಾದರೆ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇರುತ್ತದೆ. ಕಡತದಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮಾಡಲು ಬೇಕಾದ ಹಲಂತ ಇವೆಲ್ಲ ಒಂದೊಂದು ಸಂಕೇತ) 3 ಬೈಟ್ ಬೇಕು. ಸಾವಿರ ಸಂಕೇತಗಳ ಟಿಪ್ಪಣಿ ಸುಮಾರು 3 ಕಿಲೋಬೈಟ್ ಆಗುತ್ತದೆ, ಅಂಥ 5,000 ಟಿಪ್ಪಣಿಗಳು ಸೇರಿದರೂ 15 ಮೆಗಾಬೈಟ್. ಇಷ್ಟನ್ನು ತಡಕಾಡಲು ಇಂದಿನ ಸಾಧಾರಣ ಲ್ಯಾಪ್‌ಟಾಪಿಗೂ ಸೆಕೆಂಡಿಗಿಂತ ಹೆಚ್ಚು ಬೇಡ. ಬರೆಯದೇ ಇದ್ದ ಹಿಂಗೊಂಡಿ, ಅಂದರೆ ಟಿಪ್ಪಣಿಯಿಂದ ಕೆಲಸದತ್ತ ಹಿಂದಿರುಗಿ ತೋರುವ ಕೊಂಡಿ, ಕೇಳಿದ ಕೂಡಲೇ ದೊರೆಯುತ್ತದೆ. ಬರೆದಿರಲಿಲ್ಲವಾದ್ದರಿಂದ ತಪ್ಪಾಗುವ ಪ್ರಶ್ನೆಯೂ ಇಲ್ಲ. ಮುಗಿದ ಕೆಲಸಗಳನ್ನು ಅಳಿಸದೆ ಇನ್ನೊಂದು ಕಡತಕ್ಕೆ ಸರಿಸಿಟ್ಟರೆ ಇನ್ನೂ ಒಂದು ಲಾಭವಿದೆ: ದ್ರಾವಣದ ಗುರುತನ್ನು ಹುಡುಕಿದಾಗ ಯಾವ ವರ್ಷ ಯಾವ ದಿನ ಔಷಧಿ ಹೊಡೆಸಿದ್ದು ಎಂಬ ಚರಿತ್ರೆ, ಅದಕ್ಕೆಂದೇ ಯಾರೂ ಬರೆಯದಿದ್ದರೂ, ಕಣ್ಣೆದುರು ನಿಲ್ಲುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಗುರುತಿನ ಕೊಂಡಿ ಇಂಗ್ಲಿಷಿನವರಿಗಿಂತ ಹೆಚ್ಚು ಅಗತ್ಯ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ಮೊದಲ ವಿಕಿಯಲ್ಲಿ (ಓದುಗರೇ ತಿದ್ದಬಹುದಾದ ಜಾಲತಾಣದಲ್ಲಿ), ದೊಡ್ಡಕ್ಷರದಿಂದ ಶುರುವಾಗುವ ಪದಗಳನ್ನು ಒಟ್ಟಿಗೆ ಸೇರಿಸಿ ಬರೆದರೆ ಅದೇ ಕೊಂಡಿಯಾಗುತ್ತಿತ್ತು. ದೊಡ್ಡಕ್ಷರ ಸಣ್ಣಕ್ಷರದ ಭೇದವೇ ಇಲ್ಲದ ಲಿಪಿಗೆ ಆ ಚಮತ್ಕಾರ ದಕ್ಕುವಂತಿರಲಿಲ್ಲ. ಹೆಸರಿನಿಂದ ಹುಡುಕೋಣವೆಂದರೆ ವಿಭಕ್ತಿ ಅಡ್ಡ ಬರುತ್ತದೆ: ‘ಮದ್ದು’ ಎಂದು ಹುಡುಕಿದರೆ ‘ಮದ್ದಿಗೆ’ ಸಿಗುವುದಿಲ್ಲ, ಏಕೆಂದರೆ ಉಕಾರದ ಜಾಗಕ್ಕೆ ಇಕಾರ ಬಂದಿರುತ್ತದೆ. ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು ‘ಮದ್ದ’ ಎಂದಷ್ಟೇ ಹುಡುಕಿದರೆ ಎರಡೂ ಸಿಗುತ್ತವೆ ಎನ್ನುವುದು ಬಳಸಿ ನೋಡಬಹುದಾದ ಸಣ್ಣ ಉಪಾಯ. ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ‘ಕೋ’ ಎಂಬುದನ್ನು ಎಲ್ಲ ಭಾಷೆಗಳ ಲಿಪಿಗಳಿಗೂ ಸಂಕೇತ ನಿಗದಿಪಡಿಸುವ ಯೂನಿಕೋಡ್‌ನಲ್ಲಿ ಕಕಾರ ಮತ್ತು ಒಂದೇ ಓಕಾರ ಚಿಹ್ನೆಯಾಗಿಯೂ ಬರೆಯಬಹುದು, ಅದೇ ಚಿಹ್ನೆಯನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟುಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಬೇರೆ ಪದಗಳು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಕಡತಗಳ ಹೆಸರನ್ನು ಹೀಗೆ ತುಂಡರಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕಂಪ್ಯೂಟರಿಗೆ ಬಂದ ಕಡತಕ್ಕೆ ಕನ್ನಡ ಹೆಸರಿನ ಕೊಂಡಿ ತಾಗದೆ ಹೋದರೆ ಕಾರಣ ಹುಡುಕಲು ಒಂದು ಸಂಜೆಯೇ ಬೇಕಾದೀತು. ಉದ್ದದ ಮಿತಿಯೂ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಅಂದರೆ ಕನ್ನಡದ 85 ಸಂಕೇತಗಳು. ‘ಕ್ರಾ’ ಎಂಬ ಒಂದಕ್ಷರಕ್ಕೇ ನಾಲ್ಕು ಸಂಕೇತ, 12 ಬೈಟ್ ಬೇಕೆಂದ ಮೇಲೆ, ತುಸು ವಿವರವಾದ ಶೀರ್ಷಿಕೆಯೇ ಆ ಮಿತಿಯನ್ನು ಮುಟ್ಟಿಬಿಡುತ್ತದೆ.

ಆದ್ದರಿಂದ ಕಡತದ ಹೆಸರು ಅಂಕಿಗಳ ಗುರುತಾಗಿರಲಿ, ಕನ್ನಡ ಶೀರ್ಷಿಕೆ ಕಡತದೊಳಗಿನ ಮೊದಲ ಸಾಲಾಗಿರಲಿ. ಗುರುತಿನಲ್ಲಿಯೂ ಗಡುವಿನ ದಿನಾಂಕದಲ್ಲಿಯೂ 0ಯಿಂದ 9ರವರೆಗಿನ ಸಾಮಾನ್ಯ ಅಂಕಿಗಳನ್ನೇ ಬಳಸಬೇಕು. ಕನ್ನಡ ಅಂಕಿಗಳಲ್ಲಿ ಬರೆದ ತಾರೀಖನ್ನು ಆರ್ಗ್ ಮೋಡ್ ತಾರೀಖೆಂದು ಗುರುತಿಸದು. ಯೂನಿಕೋಡ್‌ಗಿಂತ ಹಿಂದಿನ ಕಾಲದ ಫಾಂಟುಗಳಲ್ಲಿ ಬರೆದಿಟ್ಟ ಟಿಪ್ಪಣಿಗಳಿದ್ದರೆ ಅವುಗಳನ್ನು ಮೊದಲು ಪರಿವರ್ತಿಸಿಕೊಳ್ಳಬೇಕು, ಏಕೆಂದರೆ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆವೃತ್ತಿಗಳ ಕಡತಗಳಲ್ಲಿ ನಿಜವಾಗಿ ಕೂತಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಫಾಂಟು ತೆಗೆದರೆ ಕನ್ನಡವೇ ಅಲ್ಲಿಲ್ಲ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವು ಒತ್ತಕ್ಷರ ಮತ್ತು ಅರ್ಕಾವೊತ್ತುಗಳಲ್ಲಿ ಎಡವುವುದುಂಟಾದ್ದರಿಂದ ಪರಿವರ್ತಿಸಿದ್ದನ್ನು ಒಮ್ಮೆ ಓದಿ ನೋಡಿ, ಆಮೇಲಷ್ಟೇ ಗುರುತು ಕೊಡುವುದು ಕ್ಷೇಮ.