ಮಾಯವಾಗುವ ಕುರ್ಚಿ, ಇರಬಾರದ ಕಿಟಕಿ

ಜ್ಯಾಕ್ ಟೈಪ್ ಮಾಡುತ್ತಾ ಕುಳಿತಿದ್ದಾನೆ. ಹೆಂಡತಿ ವೆಂಡಿ ಬಂದು ಮಾತನಾಡಿಸುತ್ತಾಳೆ. ಅವನ ಬೆನ್ನ ಹಿಂದೆ, ದೂರದ ಗೋಡೆಯ ಬಳಿ ಒಂದು ಕುರ್ಚಿ ಇದೆ. ಕ್ಯಾಮೆರಾ ವೆಂಡಿಯನ್ನು ತೋರಿಸಿ ಮತ್ತೆ ಅವನ ಮುಖಕ್ಕೆ ಬರುವಷ್ಟರಲ್ಲಿ ಕುರ್ಚಿ ಕಾಣೆ. ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಪ್ರತ್ಯಕ್ಷ! ಸ್ಟಾನ್ಲಿ ಕುಬ್ರಿಕ್ ನಿರ್ದೇಶಿಸಿ 1980ರಲ್ಲಿ ತೆರೆಕಂಡ ‘ದಿ ಶೈನಿಂಗ್’ ಚಿತ್ರದ ಈ ಕುರ್ಚಿಯ ಬಗ್ಗೆ ಇಂದಿಗೂ ಚರ್ಚೆ ನಿಂತಿಲ್ಲ. ಚಳಿಗಾಲಕ್ಕೆ ಮುಚ್ಚಿದ ಬೆಟ್ಟದ ಹೋಟೆಲೊಂದನ್ನು ಕಾಯಲು ಹೆಂಡತಿ, ಮಗನೊಂದಿಗೆ ಬರುವ ಜ್ಯಾಕ್‌ನ ಭಯಾನಕ ಕತೆ ಅದು.

ಇಂಥ ತಪ್ಪು ನುಸುಳುವುದು ಹೇಗೆಂದು ತಿಳಿಯಲು ಚಿತ್ರೀಕರಣದ ರೀತಿಯನ್ನು ನೋಡಬೇಕು. ಹೋಟೆಲಿನ ಒಳಾಂಗಣವನ್ನೆಲ್ಲ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಸೆಟ್ ಹಾಕಿ ಕಟ್ಟಿದ್ದರು. 1978ರಲ್ಲಿ ಆರಂಭವಾದ ಕೆಲಸ 1979ರವರೆಗೂ ಎಳೆಯಿತು. ನಡುವೆ ಬೆಂಕಿ ಬಿದ್ದು ಸೆಟ್ಟೇ ಸುಟ್ಟಿತು. ಒಂದೇ ದೃಶ್ಯಕ್ಕೆ ಹತ್ತಾರು ಟೇಕ್ ತೆಗೆಯುವುದು ಕುಬ್ರಿಕ್ ಅವರ ಪದ್ಧತಿ. ಯಾವ ವಸ್ತು ಎಲ್ಲಿತ್ತು, ಯಾರ ಕೈಯಲ್ಲಿ ಏನಿತ್ತು ಎಂದು ಬರೆದಿಡುವ ಕಂಟಿನ್ಯುಟಿ ಸಹಾಯಕರ ಕಣ್ಣು ಎಷ್ಟೇ ಚುರುಕಾಗಿದ್ದರೂ, ಸಂಕಲನದ ಮೇಜಿನ ಮೇಲೆ ಗೆಲ್ಲುವುದು ಒಳ್ಳೆಯ ಅಭಿನಯವಿರುವ ಟೇಕ್. ಅದರಲ್ಲಿ ಕುರ್ಚಿ ಇರಲಿ, ಬಿಡಲಿ. ನನ್ನ ಮಟ್ಟಿಗೆ ಅದೇ ಸರಿಯಾದ ಆಯ್ಕೆ.

ಕೊಡಲಿಯ ದೃಶ್ಯದಲ್ಲೂ ಹೀಗೆಯೇ ಆಗಿದೆ. ಜ್ಯಾಕ್ ಸ್ನಾನದ ಕೋಣೆಯ ಬಾಗಿಲಿನ ಒಂದು ಹಲಗೆಯನ್ನು ಒಡೆದು ಮುಖ ತೂರಿಸುತ್ತಾನೆ. ಆಮೇಲೆ ನೋಡಿದರೆ ಎರಡೂ ಹಲಗೆ ಪುಡಿಯಾಗಿವೆ. ಟೈಪ್‌ರೈಟರ್ ಬಣ್ಣವೂ ತಿಳಿಯಿಂದ ಗಾಢಕ್ಕೆ ಬದಲಾಗುತ್ತದೆ. ಹೊರನೋಟಕ್ಕೆ ಬಳಸಿದ್ದು ಅಮೆರಿಕದ ಆರೆಗಾನ್‌ನಲ್ಲಿರುವ ಟಿಂಬರ್‌ಲೈನ್ ಲಾಡ್ಜ್ ಅನ್ನು. ಅಲ್ಲಿ ಕತೆಯ ಗಿಡಬೇಲಿಯ ಚಕ್ರವ್ಯೂಹ ಇಲ್ಲ, ಹಾಗಾಗಿ ಮೇಲಿನಿಂದ ತೆಗೆದ ಶಾಟ್‌ಗಳಲ್ಲೂ ಅದು ಕಾಣುವುದಿಲ್ಲ. ಸ್ಟೀಫನ್ ಕಿಂಗ್ ಅವರ 1977ರ ಕಾದಂಬರಿಯಲ್ಲಿ 217 ಆಗಿದ್ದ ದೆವ್ವದ ಕೋಣೆ ಚಿತ್ರದಲ್ಲಿ 237 ಆದದ್ದು ಮಾತ್ರ ತಪ್ಪಿನಿಂದಲ್ಲ. ತಮ್ಮ 217ನೇ ಕೋಣೆಯಲ್ಲಿ ಮುಂದೆ ಯಾರೂ ತಂಗಲಾರರೆಂದು ಹೆದರಿದ ಲಾಡ್ಜ್‌ನವರು, ತಮ್ಮಲ್ಲಿ ಇಲ್ಲದ ಸಂಖ್ಯೆಯನ್ನು ಬಳಸುವಂತೆ ಕೇಳಿಕೊಂಡಿದ್ದರು.

ಈ ತಪ್ಪುಗಳಿಗೆ ಹೊಸ ಆಯುಸ್ಸು ಕೊಟ್ಟಿದ್ದು ವಿಡಿಯೊ ಕ್ಯಾಸೆಟ್. ಚಿತ್ರಮಂದಿರದಲ್ಲಿ ಫ್ರೇಮಿನ ಮೇಲಂಚು, ಕೆಳಅಂಚು ಮುಚ್ಚಿಹೋಗುತ್ತಿದ್ದವು. ಟಿ.ವಿ.ಯ ಚೌಕಕ್ಕೆ ಹೊಂದುವಂತೆ ಪೂರ್ಣ ಫ್ರೇಮ್ ತೋರಿಸಿದಾಗ, ಆರಂಭದ ಬೆಟ್ಟದ ದಾರಿಯ ಮೇಲೆ ಚಿತ್ರೀಕರಿಸುತ್ತಿದ್ದ ಹೆಲಿಕಾಪ್ಟರಿನ ನೆರಳು ಕೆಳಮೂಲೆಯಲ್ಲಿ ಕಣ್ಣಿಗೆ ಬಿತ್ತು. ಜೊತೆಗೆ, ನಿಲ್ಲಿಸಿ ಹಿಂದಕ್ಕೆ ಓಡಿಸುವ ಗುಂಡಿ ಪ್ರೇಕ್ಷಕನ ಕೈಗೆ ಬಂದಿತ್ತು. ಒಂದು ಸಲ ನೋಡಿ ಮರೆಯಬೇಕಿದ್ದ ವಿವರವನ್ನು ನೂರು ಸಲ ನೋಡತೊಡಗಿದರು.

ನೂರು ಸಲ ನೋಡಿದವರಿಗೆ ತಪ್ಪು ತಪ್ಪಾಗಿ ಕಾಣಲಿಲ್ಲ. ಇಷ್ಟು ಕಟ್ಟುನಿಟ್ಟಿನ ನಿರ್ದೇಶಕ ಕುರ್ಚಿ ಮರೆಯುವುದುಂಟೇ ಎಂಬ ವಾದ ಹುಟ್ಟಿತು. ಆಟವಾಡುತ್ತಿದ್ದ ಜ್ಯಾಕ್‌ನ ಮಗ ಡ್ಯಾನಿಯ ಸುತ್ತ ಕಾರ್ಪೆಟ್ಟಿನ ವಿನ್ಯಾಸ ತಿರುಗುಮುರುಗಾಗುವುದು, ಹೋಟೆಲಿನ ಹಿಂದಿನ ಕಾವಲುಗಾರ ಗ್ರೇಡಿಯ ಹೆಸರು ಮೊದಲು ಚಾರ್ಲ್ಸ್ ಎಂದಿದ್ದು ನಂತರ ಡೆಲ್ಬರ್ಟ್ ಆಗುವುದು, ಎಂಟು ಮತ್ತು ಹತ್ತು ವರ್ಷದವರೆಂದ ಅವನ ಹುಡುಗಿಯರು ಅವಳಿಗಳಂತೆ ಕಾಣುವುದು, ಎಲ್ಲಕ್ಕೂ ಗೂಢಾರ್ಥ ಹುಡುಕಿದರು. ಅಂಥ ವ್ಯಾಖ್ಯಾನಗಳನ್ನೇ ಒಟ್ಟುಗೂಡಿಸಿ 2012ರಲ್ಲಿ ‘ರೂಮ್ 237’ ಎಂಬ ಸಾಕ್ಷ್ಯಚಿತ್ರ ಬಂತು. ಕುಬ್ರಿಕ್ ಅವರ ದೀರ್ಘಕಾಲದ ಸಹಾಯಕ ಲಿಯಾನ್ ವಿಟಾಲಿ ಅದರ ಹಲವು ವಾದಗಳನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು.

ಕುರ್ಚಿಯ ವಿಷಯದಲ್ಲಿ ನಾನು ವಿಟಾಲಿ ಅವರ ಕಡೆ. ಆದರೆ ಮ್ಯಾನೇಜರ್ ಅಲ್ಮನ್ ಕಚೇರಿಯ ಕಿಟಕಿ ಎದುರಾದಾಗ ನನ್ನ ಉತ್ತರ ಬೇರೆ. ಆ ಕಚೇರಿ ಇರುವುದು ಕಟ್ಟಡದ ಒಳಭಾಗದಲ್ಲಿ. ಅದರ ಹಿಂದೆ ಓಣಿಯಿರುವುದನ್ನು ಚಿತ್ರವೇ ತೋರಿಸುತ್ತದೆ. ಆದರೂ ಅಲ್ಮನ್ ಬೆನ್ನ ಹಿಂದೆ ಕಿಟಕಿ, ಅದರಾಚೆ ಗಿಡ, ಹಗಲ ಬೆಳಕು. ಅದಕ್ಕಾಗಿ ಬಡಗಿ ಚೌಕಟ್ಟು ಕೂರಿಸಿದ್ದಾನೆ, ಯಾರೋ ಗಿಡ ತಂದಿಟ್ಟಿದ್ದಾರೆ, ಯಾರೋ ದೀಪ ಹೊಂದಿಸಿದ್ದಾರೆ. ಸೆಟ್ ದಿಕ್ಕುತಪ್ಪಿಸುವಂತಿರಬೇಕೆಂದೇ ಹಾಗೆ ಕಟ್ಟಿದ್ದೆಂದು ಚಿತ್ರದ ಕಾರ್ಯನಿರ್ವಾಹಕ ನಿರ್ಮಾಪಕ ಯಾನ್ ಹಾರ್ಲನ್ ಕೂಡ ಹೇಳಿದ್ದಾರೆ. ಹಿಂದಿನ ಕಾವಲುಗಾರ ತನ್ನ ಕುಟುಂಬವನ್ನು ಕೊಂದ ಕತೆಯನ್ನು ಅಲ್ಮನ್ ನಗುನಗುತ್ತಾ ಹೇಳುವುದು ಆ ಬೆಳಕಿನಲ್ಲಿ ಕುಳಿತೇ.